ಕಲಿಸಿದ್ದಕ್ಕೂ ಕೂಲಿ

ಮೊಳಕಾಲ್ಮೂರಿನ ರೇಷ್ಮೆ ಸೀರೆ ಕಂಪನಿಯೊಂದರ ಮಗ್ಗದ ಶೆಡ್ಡಿಗೆ ನಾನು ಮೇಲ್ವಿಚಾರಕಿಯಾಗಿ ಸೇರಿದ ವರ್ಷವೇ ಚಳ್ಳಕೆರೆಯ ಆಫೀಸಿನಿಂದ ಹೊಸ ನಿಯಮ ಬಂತು. ತಿಂಗಳಿಗೆ ಇಷ್ಟು ಸೀರೆ ಎಂಬ ಗುರಿ. ಗುರಿ ದಾಟಿದವರಿಗೆ ಸಂಬಳದ ಮೇಲೆ ಬೋನಸ್. ಆ ಹಾಳೆಯನ್ನು ಗೋಡೆಗೆ ಅಂಟಿಸಿದವಳು ನಾನೇ. ಒಳ್ಳೆಯದೇ ಆಗುತ್ತದೆಂದು ನಂಬಿದ್ದೆ.

ಮೊದಲ ತಿಂಗಳು ಲಾಳಿಯ ಸದ್ದು ಜೋರಾಯಿತು, ಮಾತು ಕಡಿಮೆಯಾಯಿತು. ಎರಡನೆಯ ತಿಂಗಳು ಒಂದು ಮಧ್ಯಾಹ್ನ, ಮನೆಯ ಕುರಿ ಮಾರಿ ಮಗ್ಗ ಕಲಿಯಲು ಬಂದಿದ್ದ ಹೆಂಗಸೊಬ್ಬಳು ಎಳೆ ಕಡಿದುಕೊಂಡು ಸುಮ್ಮನೆ ಕೂತಿದ್ದಳು. ಪಕ್ಕದ ಮಗ್ಗದಲ್ಲಿದ್ದವರು ಶೆಡ್ಡಿನ ಹಿರಿಯಾಕೆ; ಅಲ್ಲಿನ ಅರ್ಧ ಜನಕ್ಕೆ ಕೆಲಸ ಕಲಿಸಿದವರು. ಅವರು ತಲೆಯೆತ್ತಲಿಲ್ಲ.

"ಯಾಕವ್ವ, ಒಂಚೂರು ತೋರಿಸಬಾರದಾ?" ಎಂದೆ.

"ತೋರಿಸ್ಬೋದು. ನಾನೆದ್ರೆ ನನ್ನ ಸೀರೆ ನಿಂತೋಗ್ತೈತೆ. ನೀವು ಅಂಟಿಸಿರೋ ಹಾಳ್ಯಾಗೆ ಕಲಿಸೋಕೆ ಜಾಗ ಎಲ್ಲೈತೆ?"

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಮರುದಿನ, ನೇಯ್ಗೆ ಸರಿಯಿಲ್ಲವೆಂದು ಅಂಗಡಿಯಿಂದ ವಾಪಸಾಗಿದ್ದ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಚಳ್ಳಕೆರೆ ಬಸ್ಸು ಹತ್ತಿದೆ. ಕಂಪನಿಯ ಮಾಲೀಕರು ಎಣ್ಣೆ ಮಿಲ್ಲು ನಡೆಸಿ ಬಂದವರು. ಈ ಬೋನಸ್ ನಮ್ಮಲ್ಲಿ ನಡೆಯುವುದಿಲ್ಲ ಎಂದಾಗ ಕೇಳಿದರು:

"ಮಿಲ್ಲಿನಾಗೆ ಡಬ್ಬ ಎಣಿಸಿ ಬೋನಸ್ ಕೊಟ್ವಿ, ನಡೀತು. ಇಲ್ಯಾಕೆ ನಡಿಯಲ್ಲ?"

"ಎಣ್ಣೆ ತೆಗೆಯೋದನ್ನ ಮಿಷನ್ನಿಗೆ ಯಾರೂ ಕಲಿಸಬೇಕಾಗಿಲ್ಲ ಸಾರ್," ಎಂದು ಸೀರೆಗಳನ್ನು ಮೇಜಿನ ಮೇಲೆ ಬಿಡಿಸಿದೆ. ಅವಸರದಲ್ಲಿ ನೇಯ್ದ ಅಂಚು ಅಲ್ಲಲ್ಲಿ ಬಿಟ್ಟುಕೊಂಡಿತ್ತು. ಬೋನಸ್ಸಿನ ಅರ್ಧ ಭಾಗ ಸೀರೆಗಳ ಲೆಕ್ಕಕ್ಕೆ, ಇನ್ನರ್ಧ ತಪ್ಪಿಲ್ಲದ ನೇಯ್ಗೆಗೆ ಮತ್ತು ಕಲಿಸಿದ್ದಕ್ಕೆ ಇರಲಿ ಎಂದೆ. ಅವರು ಅಂಚನ್ನು ಬೆರಳಿನಿಂದ ಸವರಿ ನೋಡಿದರು.

"ಮೂರು ತಿಂಗ್ಳು ನೋಡ್ತೀನಿ. ಕೆಟ್ರೆ ನಿನ್ನ ಬೋನಸ್ ಹೋಯ್ತು."

"ಹೋಗಲಿ ಸಾರ್."

ಈ ಸಲ ಗುರಿ ಆಫೀಸಿನಿಂದ ಬರಲಿಲ್ಲ. ಒಬ್ಬೊಬ್ಬರ ಮಗ್ಗದ ಪಕ್ಕ ಕೂತು, ತಿಂಗಳಿಗೆ ಎಷ್ಟು ಆಗುತ್ತದೆಂದು ಅವರನ್ನೇ ಕೇಳಿದೆ. ಹಿರಿಯಾಕೆ ಕುರಿ ಮಾರಿ ಬಂದವಳ ಕಡೆ ನೋಡಿ, "ಎರಡು ಸೀರೆ. ಜೊತೀಗೆ ಇವಳಿಗೆ ಅಂಚು ಹಾಕೋದು ಕಲಿಸ್ತೀನಿ. ಬರ್ಕೊಳ್ಳಿ," ಎಂದರು.

ಹೊಸ ಲೆಕ್ಕದ ಮೂರನೆಯ ತಿಂಗಳ ಹೊತ್ತಿಗೆ ಸೀರೆಗಳ ಸಂಖ್ಯೆ ಏನೂ ಜಿಗಿಯಲಿಲ್ಲ, ಆದರೆ ಅಂಗಡಿಯಿಂದ ಒಂದೂ ವಾಪಸು ಬರಲಿಲ್ಲ. ಕುರಿ ಮಾರಿ ಬಂದವಳು ತನ್ನ ಮೊದಲ ಅಂಚಿನ ಸೀರೆ ಮುಗಿಸಿದಳು. ಹಿರಿಯಾಕೆ ಬೋನಸ್ ಕೈಗೆ ತೆಗೆದುಕೊಂಡು, "ಕಲಿಸಿದ್ದಕ್ಕೆ ದುಡ್ಡು ಇಸ್ಕೊಂಡಿದ್ದು ಇದೇ ಮೊದ್ಲು," ಎಂದು ಸಂಕೋಚದಿಂದ ನಕ್ಕರು.

ಮಾಲೀಕರು ತಮ್ಮ ಇನ್ನೊಂದು ಶೆಡ್ಡಿಗೂ ಇದನ್ನೇ ತರಲು ಹೇಳಿದರು. ಅಲ್ಲಿನ ನೇಕಾರರ ಜೊತೆ ಒಂದು ವಾರ ಕೂತ ಮೇಲೆ, ಅವರಿಗೆ ಯಾವುದು ಹೊಂದುತ್ತದೆಂದು ಹೇಳುತ್ತೇನೆ ಎಂದೆ. ಅವರು ಬೇಡವೆನ್ನಲಿಲ್ಲ.