ರಜಾ ಕೇಳುವ ಚಾಂದ್ ಚಾಚಾ

ಚಾಂದಸಾಬರಿಗೆ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಲಿಕ್ಕೂ ಬರುತ್ತಿರಲಿಲ್ಲ. ಅಂಥವರು ರಾಯಚೂರಿನಲ್ಲಿ ಹನ್ನೊಂದು ಜನರ ಆರ್ಕೆಸ್ಟ್ರಾ ನಡೆಸುತ್ತಿದ್ದರು ಎಂದರೆ ಯಾರಿಗಾದರೂ ನಗು ಬರುತ್ತದೆ. ಅದರಲ್ಲಿದ್ದ ನಾವೂ ನಗುತ್ತಿದ್ದೆವು. ಹಾಡು ರಂಗೇರಿದಾಗ ವೇದಿಕೆಯ ಪಕ್ಕ ನಿಂತು ಖುಷಿಗೆ ಚಪ್ಪಾಳೆ ಶುರು ಮಾಡುತ್ತಿದ್ದರು. ಅವರತ್ತ ನೋಡಿದರೆ ಲಯ ಕೆಡುತ್ತದೆಂದು ತಬಲಾದವನು ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದ. "ನನಗ ಬಜಾಯ್ಸಾಕ ಬರಂಗಿಲ್ಲ ಬೇಟಾ, ರಜಾ ಕೇಳಾಕ ಬರ್ತದ," ಎನ್ನುತ್ತಿದ್ದರು ಚಾಚಾ.

ಅದೂ ನಿಜವೇ. ನಮ್ಮಲ್ಲಿ ಯಾರಿಗೂ ಸಂಗೀತ ಹೊಟ್ಟೆಪಾಡಾಗಿರಲಿಲ್ಲ. ತಬಲಾದವನು ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಗಾರ. ಪಿಟೀಲಿನ ಈರಣ್ಣ ಕಲ್ಲೂರಿನವನು, ರೈಸ್ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಕಾರ್ಯಕ್ರಮ ಗೊತ್ತಾದ ಕೂಡಲೇ ಚಾಚಾ ತಮ್ಮ ಹಳೇ ಮೊಪೆಡ್ ಹತ್ತಿ ಒಬ್ಬೊಬ್ಬರ ಧಣಿಯ ಮುಂದೆ ರಜಾ ಕೇಳಿ ಹೋಗಿ ಕೂರುವವರು. ಧಣಿ ಬೈದರೂ ಅಲ್ಲೇ, ಮಾತಾಡಿಸದಿದ್ದರೂ ಅಲ್ಲೇ. ಹೂಂ ಎನ್ನುವ ತನಕ ಏಳುತ್ತಿರಲಿಲ್ಲ.

ಅವರ ಇನ್ನೊಂದು ಹುಚ್ಚು ಕುರ್ಚಿಗಳದು. ಕಬ್ಬಿಣದ ಮಡಚುವ ಕುರ್ಚಿಗಳು, ಒಂದೊಂದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ಒಬ್ಬೊಬ್ಬರ ಹೆಸರು. ಯಾರಾದರೂ ಬರಲಾಗದಿದ್ದರೆ ಅವರ ಕುರ್ಚಿಯಾದರೂ ಟೆಂಪೋ ಹತ್ತಿ ಬರಬೇಕು, ವೇದಿಕೆಯ ಮೇಲೆ ಖಾಲಿ ಇರಬೇಕು. ಈರಣ್ಣನ ತಾಯಿ ತೀರಿಕೊಂಡ ವಾರ ಶಕ್ತಿನಗರದಲ್ಲಿ ಕಾರ್ಯಕ್ರಮವಿತ್ತು. ಹಾರ ಹಾಕಿಸಿಕೊಳ್ಳಲು ಬಂದ, ನಮ್ಮನ್ನು ಕರೆಸಿದ್ದ ಸಂಘದ ಅಧ್ಯಕ್ಷರು ಸೀದಾ ಅವನ ಕುರ್ಚಿಯ ಮೇಲೆ ಕೂತುಬಿಟ್ಟರು. ಚಾಚಾ ಕೈ ಮುಗಿದು, "ಏಳ್ರಿ ಸಾಹೇಬ್ರ, ಅದು ಈರಣ್ಣಂದು. ಅಂವ ದುಃಖದಾಗ ಅದಾನ," ಎಂದರು. ಅಧ್ಯಕ್ಷರು ಮುಖ ಸಿಂಡರಿಸಿಕೊಂಡು ಎದ್ದರು. ಮರುವರ್ಷ ಆ ಸಂಘದವರು ನಮ್ಮನ್ನು ಕರೆಯಲಿಲ್ಲ.

ನನ್ನನ್ನು ಕೇಳಲು ಅವರು ಮಾನ್ವಿಯ ನಮ್ಮ ಮನೆಗೆ ಬಂದಾಗ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: "ಹೆಣ್ಣುಹುಡುಗಿ ಸ್ಟೇಜ್ ಮ್ಯಾಲ ಕುಣಿಯೋದು ನಮ್ಮ ಮನಿತನಕ್ಕ ಆಗಂಗಿಲ್ರಿ." "ಕುಣಿಯೋದಲ್ರಿ, ಹಾಡೋದು," ಎಂದು ಚಾಚಾ ಕಟ್ಟೆಯ ಮೇಲೆ ಕೂತರು. ಮರುದಿನವೂ ಬಂದು ಕೂತರು. ಮೂರನೆಯ ದಿನ ಎರಡು ಹೊಸ ಕುರ್ಚಿ ಹೊತ್ತು ತಂದರು. ಒಂದರ ಮೇಲೆ ನನ್ನ ಹೆಸರು, ಇನ್ನೊಂದರ ಮೇಲೆ 'ಅಪ್ಪಾರು'. "ಯಪ್ಪಾ, ಇದು ನಿಮ್ಮದು. ಎದುರಿಗೇ ಕೂಡ್ರಿ. ಬ್ಯಾಸರಾತಂದ್ರ ಮಗಳನ್ನ ಕರಕೊಂಡು ಎದ್ದು ಹೋಗ್ರಿ, ನಾ ಒಂದು ಮಾತು ಆಡಂಗಿಲ್ಲ." ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಹಾಗೆ ನಾನು ಒಂಬತ್ತು ವರ್ಷ ಹಾಡಿದೆ. ಚಾಚಾ ಅವತ್ತು ನಮ್ಮ ಕಟ್ಟೆಯಿಂದ ಎದ್ದು ಹೋಗಿದ್ದರೆ ನನ್ನ ಹಾಡು ಒಲೆಯ ಮುಂದೆಯೇ ಮುಗಿಯುತ್ತಿತ್ತು.

ಆಮೇಲೆ ಟ್ರ್ಯಾಕ್ ಬಂತು. ವಾದ್ಯವೆಲ್ಲ ಒಂದು ಪೆನ್‌ಡ್ರೈವಿನಲ್ಲಿ, ಹಾಡುವವರು ಇಬ್ಬರಿದ್ದರೆ ಸಾಕು. "ಇಬ್ರನ್ನ ಕಳಸ್ರಿ," ಎಂದು ಕೇಳಿದವರಿಗೆಲ್ಲ ಚಾಚಾ, "ಬಂದ್ರ ಹನ್ನೊಂದೂ ಮಂದಿ ಬರ್ತೀವಿ, ಇಲ್ಲಾಂದ್ರ ಯಾರೂ ಇಲ್ಲ," ಎಂದು ಫೋನ್ ಇಟ್ಟುಬಿಡುತ್ತಿದ್ದರು. ಕರೆಯುವವರು ಕಡಿಮೆಯಾದರು.

ಅಂಥ ಹೊತ್ತಿನಲ್ಲಿ ದೇವದುರ್ಗದ ಒಂದು ಮದುವೆಯವರು ನೇರ ನನಗೇ ಫೋನ್ ಮಾಡಿದರು. ಅದೇ ಸಂಜೆ ರಾಯಚೂರಿನಲ್ಲಿ ನಮ್ಮ ಕಾರ್ಯಕ್ರಮವಿತ್ತು. ನನಗೆ ಜ್ವರ ಎಂದು ಚಾಚಾನಿಗೆ ಸುಳ್ಳು ಹೇಳಿ, ಅಪ್ಪನನ್ನು ಕರೆದುಕೊಂಡು ದೇವದುರ್ಗಕ್ಕೆ ಹೋದೆ. ಯಾಕೆ ಹೋದೆ? ಆಸೆ, ಇನ್ನೇನು! ಫ್ಲೆಕ್ಸಿನ ಮೇಲೆ ನನ್ನ ಹೆಸರೊಂದೇ ದೊಡ್ಡದಾಗಿ ಇರುತ್ತದೆ ಎಂದಿದ್ದರು.

ಮರುದಿನ ಬೆಳಿಗ್ಗೆ ಚಾಚಾ ಬ್ರೆಡ್ಡು, ಮೋಸಂಬಿ ಹಿಡಿದು ಮಾನ್ವಿಗೆ ಬಂದರು. ಮೊಪೆಡ್ ಸದ್ದು ಕೇಳಿದ್ದೇ ನಾನು ಆ ಸುಡು ಬೇಸಿಗೆಯಲ್ಲಿ ಕಂಬಳಿ ಹೊದ್ದು ಮಲಗಿದೆ. ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. "ನಿನ್ನ ಕುರ್ಚಿ ಹಾಕಿದ್ವಿ ಬೇಟಾ. ಹುಡುಗಿಗಿ ಆರಾಮಿಲ್ಲ, ಎಲ್ಲಾರೂ ದುವಾ ಮಾಡ್ರಿ ಅಂತ ಮೈಕಿನಾಗ ಅಂದೆ," ಎಂದರು. ಹಣೆ ಮುಟ್ಟಿ ನೋಡಲಿಲ್ಲ. ಮುಟ್ಟಿದ್ದರೆ ಸಿಕ್ಕಿಬೀಳುತ್ತಿದ್ದೆ.

ಮಧ್ಯಾಹ್ನದೊಳಗೆ ದೇವದುರ್ಗದ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. ಚಾಚಾ ಏನೂ ಕೇಳಲಿಲ್ಲ. ಕೇಳಿದ್ದು ಈರಣ್ಣ: "ನಿನಗೇನು ತಂಗಿ, ಹಾಡೋರನ್ನ ಎಲ್ಲಾ ಕಡಿ ಕರೀತಾರ. ನನ್ನ ಪಿಟೀಲು ಪೆನ್‌ಡ್ರೈವಿನಾಗ ಅದ. ನಾ ಎಲ್ಲಿಗಿ ಹೋಗ್ಲಿ?" ನನ್ನನ್ನು ನೋಡಿ ಇನ್ನೊಬ್ಬ ಗಾಯಕ ಹೋದ, ಕೀಬೋರ್ಡಿನವನು ಹೋದ. ಆರು ತಿಂಗಳಲ್ಲಿ ಆರ್ಕೆಸ್ಟ್ರಾ ಮುಚ್ಚಿತು. ಟ್ರ್ಯಾಕಿನಿಂದ ಮುಚ್ಚಿತು ಎಂದು ಜನ ಹೇಳುತ್ತಾರೆ. ನಾನೂ ಹಾಗೆಯೇ ಹೇಳಿಕೊಂಡು ಎರಡು ವರ್ಷ ಅವರ ಓಣಿಯ ಕಡೆ ಹಾಯಲಿಲ್ಲ.

ಈ ಬೇಸಿಗೆಯಲ್ಲಿ ಅವರಿಗೆ ತೀರಾ ಆರಾಮಿಲ್ಲವೆಂದು ತಿಳಿದು ರಾಯಚೂರಿಗೆ ಹೋದೆ. ಮಂಚದ ಮೇಲೆ ಅರ್ಧ ಚಾಚಾ ಇದ್ದರು. ಸೊಸೆ ಒಳಗಿನಿಂದ ಒಂದು ಕುರ್ಚಿ ತಂದು ಬಿಡಿಸಿ ಹಾಕಿದಳು. ನನ್ನದೇ. "ಇದರ ಮ್ಯಾಲ ಮಾಮಾ ಯಾರನ್ನೂ ಕೂಡಗೊಟ್ಟಿಲ್ರಿ ಅಕ್ಕಾ," ಎಂದಳು. ಅಷ್ಟಕ್ಕೇ ನನಗೆ ಅಳು ಬಂತು.

"ಚಾಚಾ, ಅವತ್ತು ನನಗ ಜ್ವರ ಇರಲಿಲ್ರಿ," ಎಂದೆ.

"ಗೊತ್ತದ ಬೇಟಾ. ರಾತ್ರೀನ ವಿಡಿಯೋ ಬಂದಿತ್ತು, ನೋಡೇ ಮೋಸಂಬಿ ತಂದಿದ್ದೆ. ಚಲೋ ಹಾಡಿದ್ದಿ." ಉಸಿರು ಎಳೆದುಕೊಂಡರು. "ನಿನ್ನ ಸಲುವಾಗಿ ನಿಮ್ಮಪ್ಪಾರ ಮುಂದ ಮೂರು ದಿನ ಕೂತೆ. ನೀ ನನ್ನ ಮುಂದ ಒಂದ ಸಲ ನಿಂತು ಕೇಳಿದ್ರ ರಜಾ ಕೊಡತಿರಲಿಲ್ಲೇನು?"

ಬಹಳ ಹೊತ್ತು ಕೂತಿದ್ದು, ಬಸ್ಸಿನ ಸಮಯವಾದಾಗ, "ಹೋಗಿ ಬರ್ಲೇನ್ರಿ ಚಾಚಾ?" ಎಂದೆ.

"ಈಗ ಕೇಳಿದಿ ನೋಡು," ಎಂದು ನಕ್ಕರು. ಹೋಗಿ ಬಾ ಎನ್ನಲಿಲ್ಲ. ಕಣ್ಣು ಮುಚ್ಚಿದರು. ಅಂದಾರು ಎಂದು ಕಾದು ನಿಂತೆ. ಬಸ್ಸು ತಪ್ಪುತ್ತದೆಂದು ಸೊಸೆ ನೆನಪಿಸಿದಳು. ಆ ವಾರದ ಶುಕ್ರವಾರ ಚಾಚಾ ತೀರಿಹೋದರು. ಕೊನೆಯ ಸಲ ನೋಡಲು ಹೋದಾಗಲೂ ನಾನು ರಜಾ ಸಿಗದೆಯೇ ಎದ್ದು ಬಂದಿದ್ದೆ.