ಕೌಲಾಲಂಪುರದಲ್ಲಿ ಎರಡು ಎಡೆ

ನನ್ನ ಓರಗಿತ್ತಿಯ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಹೊಂಗನೂರಿನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ ಮುದಿಯಾದ ಕೈ ಅದು. ಬೆರಳ ತುದಿಗಳು ಎಷ್ಟು ಸವೆದಿದ್ದವೆಂದರೆ, ಕೌಲಾಲಂಪುರದ ಏರ್‌ಪೋರ್ಟಿನ ಫಿಂಗರ್‌ಪ್ರಿಂಟ್ ಮೆಷೀನು ಅವರನ್ನು ಮನುಷ್ಯರೆಂದೇ ಒಪ್ಪಲಿಲ್ಲ. ಆಫೀಸರು ಮತ್ತೆ ಮತ್ತೆ ಒತ್ತಿಸಿದ. ಕೊನೆಗೆ ಅಕ್ಕನಿಗೇ ಅವನ ಮೇಲೆ ಕನಿಕರ ಬಂತು. “ಯಾಕಪ್ಪ, ನಿನ್ ಮಿಷನ್ನು ಸೊಪ್ಪು ಕೊಯ್ಯೋರ ಕೈಯೇ ಕಂಡಿಲ್ವಾ? ಒಸಿ ಎಣ್ಣೆ ಬುಡು ಅದಕ್ಕೆ” ಎಂದರು. ನಾನು “ಶೀ ಈಸ್ ಎ ಫಾರ್ಮರ್, ಸರ್” ಎಂದೆ. ಆತ ನಕ್ಕು ಸೀಲು ಒತ್ತಿದ.

ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಆ ಮನೆಗೆ ಕಿರಿಸೊಸೆಯಾಗಿ ಬಂದ ಹೊಸದರಲ್ಲಿ ಮುಖಕ್ಕೆ ಘಮ್ಮೆನ್ನುವ ಪೌಡರು ಬಳಿದುಕೊಂಡು ಹುಳದ ಮನೆಗೆ ನುಗ್ಗಿದ್ದೆ. ಅತ್ತೆ ಕೂಗಾಡಿದರು. ಅಕ್ಕ ಮಾತ್ರ, “ಹುಳಕ್ಕೆ ವಾಸ್ನೆ ಆಗಕಿಲ್ಲ ಕಣಮ್ಮಣ್ಣಿ, ನಂಗಾಯ್ತದೆ. ಈಚೆಗೆ ಬಾ, ನಾನ್ ಮೂಸ್ತೀನಿ” ಎಂದು ಹೊರಗೆ ಕರೆದುಕೊಂಡು ಹೋದರು. ಹುಳಕ್ಕಾಗಲಿ, ದನಕ್ಕಾಗಲಿ, ಊರಿಗೆ ಬಂದ ಮೀಟರ್ ರೀಡರಿಗಾಗಲಿ, ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಹೊಟ್ಟೆ ತುಂಬ್ತಾ? ಮಿಕ್ಕಿದ್ದೆಲ್ಲಾ ಆಮೇಕೆ.”

ಅಕ್ಕನಿಗೆ ಮಕ್ಕಳಿರಲಿಲ್ಲ. ನನ್ನ ಮಗಳೇ ಅವರಿಗೂ ಮಗಳು. ಅಣ್ಣತಮ್ಮಂದಿರಿಬ್ಬರೂ, ಅಂದರೆ ಭಾವನವರೂ ನನ್ನ ಯಜಮಾನರೂ, ಹೆಚ್ಚು ಅಂತರವಿಲ್ಲದೆ ತೀರಿಕೊಂಡ ಮೇಲೆ ಮಗಳು ನಮ್ಮಿಬ್ಬರನ್ನೂ ಮಲೇಷ್ಯಾಕ್ಕೆ ಕರೆದುಕೊಂಡು ಹೋಗುವುದಾಗಿ ಹಟ ಹಿಡಿದಳು. ಟಿಕೆಟ್ ಚೀಪ್ ಇದೆ ಎಂದು ತಾನೇ ಬುಕ್ ಮಾಡಿದಳು. ಯಾಕೆ ಚೀಪ್ ಎಂದು ನಾವ್ಯಾರೂ ಕೇಳಲಿಲ್ಲ. ಅಕ್ಕ ಕ್ಯಾಲೆಂಡರಿನ ಮುಂದೆ ಒಂದು ಗಳಿಗೆ ನಿಂತಿದ್ದು, ಆಮೇಲೆ “ಆಯ್ತು, ಬತ್ತೀನಿ” ಎಂದರು.

ಬೆಂಗಳೂರಿನಲ್ಲೇ ಮೊದಲ ರಾದ್ಧಾಂತ. ಅಕ್ಕನ ಕೈಚೀಲದಲ್ಲಿ ಮುದ್ದೆ ಕೋಲು ಸಿಕ್ಕಿತು. ಸೆಕ್ಯುರಿಟಿಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಆಂಟಿ, ವೆಪನ್ ತರಹ ಇದೆ” ಎಂದಳು. “ನಮ್ಮತ್ತೆ ಹಂಗೂ ಬಳಸ್ತಿದ್ರು ಕಣವ್ವ, ನಾನ್ ಬಳಸಿಲ್ಲ” ಎಂದರು ಅಕ್ಕ. ಕೋಲು ಸೆಕ್ಯುರಿಟಿಯವರ ಪಾಲಾಯಿತು.

ವಿಮಾನದಲ್ಲಿ ಗಗನಸಖಿ ಗಾಡಿ ತಳ್ಳಿಕೊಂಡು ಬಂದಾಗ ಅಕ್ಕ ಬೆರಳು ತೋರಿಸಿ ಬ್ರಾಂದಿ ಕೇಳಿದರು. ಸುತ್ತಲಿನ ಸೀಟಿನವರೆಲ್ಲ ಒಬ್ಬ ಸೆರಗು ಹೊದ್ದ ಮುದುಕಿಯನ್ನು ತಿರುಗಿ ನೋಡಿದರು. ಅಕ್ಕ ಪುಟ್ಟ ಬಾಟಲಿಯನ್ನು ತೆರೆಯದೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಅಕ್ಕಾ, ವಾಟ್ ಈಸ್ ದಿಸ್!”

“ನಂಗಲ್ಲ ಕಣಮ್ಮಣ್ಣಿ. ನಿಮ್ಮ ಬಾವ್ನೋರ್ಗೆ. ನಾಡಿದ್ದು ಹಿರೇರ ಹಬ್ಬ.”

ಮಹಾಲಯ ಅಮಾವಾಸ್ಯೆ! ಪಿತೃಪಕ್ಷದಲ್ಲಿ ಯಾರೂ ಪ್ರವಾಸ ಹೊರಡುವುದಿಲ್ಲ, ಟಿಕೆಟ್ ಚೀಪ್ ಆದದ್ದು ಅದಕ್ಕೇ ಇರಬೇಕು. ನಮ್ಮ ಕಡೆ ಆ ದಿನ ತೀರಿಹೋದವರಿಗೆ ಬಾಳೆಲೆಯಲ್ಲಿ ಎಡೆ ಇಡುತ್ತಾರೆ. ಅವರು ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದುದೆಲ್ಲ ಇರಬೇಕು. ಮಾಂಸ, ಬೀಡಿ, ಬ್ರಾಂದಿ, ಯಾವುದಕ್ಕೂ ಮುಲಾಜಿಲ್ಲ. ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಳಗೆ ಹಿರಿಯರು ಉಣ್ಣುತ್ತಾರೆ. ಒಂದು ವರ್ಷ ತಪ್ಪಿದರೂ ಅವರು ಹಸಿದುಕೊಂಡು ವಾಪಸು ಹೋಗುತ್ತಾರೆಂಬುದು ಅಕ್ಕನ ಅಚಲ ನಂಬಿಕೆ.

“ಗೊತ್ತಿದ್ದೂ ಯಾಕೆ ಹೊರಟಿರಿ? ಊರಿನಲ್ಲಿ ಮನೆ ಬೀಗ ಹಾಕಿದೆಯಲ್ಲ.”

“ಅವ್ರು ಚನ್ನಪಟ್ಣದ ಸಂತೆ ಬುಟ್ರೆ ಏನ್ ಕಂಡಿದ್ರು? ಊಟದ ನೆಪ್ದಾಗೆ ಫಾರಿನ್ನೂ ನೋಡ್ಲಿ ಅಂತ. ದಾರಿ ಸಿಕ್ದೆ ಹೋದ್ರೆ ಅನ್ನೋದೊಂದೇ ನಂಗೆ ದಿಗಿಲು.” ಕಿಟಕಿಯಾಚೆ ಮೋಡಗಳನ್ನು ನೋಡುತ್ತ ಹೇಳಿದರು. ಆಮೇಲೆ ಊಟ ಮುಟ್ಟಲಿಲ್ಲ.

ಅಮಾವಾಸ್ಯೆಯ ದಿನ ಟವರ್ ನೋಡಲು ಹೋಗಬೇಕಿತ್ತು. ಬದಲಿಗೆ ನಮ್ಮ ಜೊತೆ ಬಂದಿದ್ದ ಅಳಿಯ ಒಂದು ತಮಿಳರ ಹೋಟೆಲಿನಿಂದ ಕೋಳಿ ಸಾರು, ಅನ್ನ, ಬಾಳೆಲೆ ಪಾರ್ಸೆಲ್ ತಂದ. ಅಕ್ಕ ರೂಮಿನ ಎಲೆಕ್ಟ್ರಿಕ್ ಕೆಟಲಿನಲ್ಲಿ ನೀರು ಕಾಯಿಸಿ, ರಾಗಿ ಹಿಟ್ಟು ಸುರಿದು, ಕೋಟು ನೇತುಹಾಕುವ ಮರದ ಹ್ಯಾಂಗರಿನಲ್ಲಿ ಮುದ್ದೆ ತಿರುವಿದರು. ಆ ಕೆಟಲಿನ ಗತಿ ಕೇಳಬೇಡಿ. “ದೊಡ್ಡಮ್ಮ, ಹೊಗೆ ಹಾಕಿದ್ರೆ ಅಲಾರ್ಮ್ ಹೊಡೆಯುತ್ತೆ” ಎಂದು ಮಗಳು ಗೋಗರೆದಳು. ಅಳಿಯ ಇಂಜಿನಿಯರು, ಕುರ್ಚಿ ಹತ್ತಿ ಸೂರಿನ ಸ್ಮೋಕ್ ಡಿಟೆಕ್ಟರಿಗೆ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿದ.

ಅಕ್ಕ ಧೂಪ ಹಚ್ಚಿ, ಕೈಮುಗಿದು, ನಮ್ಮನ್ನೆಲ್ಲ ಬರಿಗಾಲಲ್ಲಿ ಕಾರಿಡಾರಿಗೆ ಅಟ್ಟಿ, ಬಾಗಿಲು ಎಳೆದುಕೊಂಡರು. ಅದು ಟಕ್ಕೆಂದು ಲಾಕ್ ಆಯಿತು. ಕೀ ಕಾರ್ಡು ಲೈಟಿನ ಸ್ಲಾಟಿನೊಳಗೆ. ಮಗಳ ರೂಮಿನ ಕಾರ್ಡು, ಎಲ್ಲರ ಫೋನು, ಅಳಿಯನ ಕನ್ನಡಕ, ಎಲ್ಲವೂ ಒಳಗೆ. ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಟೋಪಿ ಜಾರಿತೆಂದು ಕಾಣುತ್ತದೆ, ಇಡೀ ಮಹಡಿ ನಡುಗುವಂತೆ ಅಲಾರ್ಮ್ ಗಂಟೆ ಬಾರಿಸತೊಡಗಿತು.

ಅಕ್ಕನ ಮುಖ ಅರಳಿತು. “ಪರ್ವಾಗಿಲ್ವೆ! ಎಡೆ ಹೊತ್ತಿಗೆ ಗಂಟೆ ಬಾರಿಸ್ಬೇಕು ಅಂತ ಇವ್ರಿಗೂ ಗೊತ್ತೈತೆ!”

ಗಾರ್ಡ್ ಓಡಿ ಬಂದ. ಹಿಂದೆಯೇ ಮ್ಯಾನೇಜರು, ಟೈ ಕಟ್ಟಿದ ನಡುವಯಸ್ಸಿನ ಚೀನೀಯ. ಮಾಸ್ಟರ್ ಕಾರ್ಡು ತೆಗೆದದ್ದೇ ತಡ, ಅಕ್ಕ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. “ಉಣ್ಣೋವಾಗ ಬಾಗ್ಲು ತೆಗೀಬಾರ್ದು ಕಣಪ್ಪ! ಎದ್ದು ಹೊಂಟೋಯ್ತಾರೆ!”

“ಒಳಗೆ ಯಾರಿದ್ದಾರೆ ಮೇಡಂ?” ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದರು.

“ಮೈ ಹಸ್ಬೆಂಡ್ ಅಂಡ್ ಹಿಸ್ ಬ್ರದರ್” ಎಂದೆ.

“ಈ ರೂಮಿನಲ್ಲಿ ಇಬ್ಬರು ಲೇಡೀಸ್ ಮಾತ್ರ ಅಂತ ಇದೆಯಲ್ಲ?”

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷೆಲ್ಲ ಒಟ್ಟುಗೂಡಿಸಿ ಹೇಳಿದೆ: “ದೇ ಆರ್ ನೋ ಮೋರ್, ಸರ್. ದೇ ಆರ್ ಹ್ಯಾವಿಂಗ್ ಲಂಚ್.”

ಗಾರ್ಡ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮ್ಯಾನೇಜರು ಅಕ್ಕನ ಕಣ್ಣು ನೋಡಿದರು. ಬೆಂಕಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಮಾತ್ರ ತಮ್ಮ ಡ್ಯೂಟಿ ಎಂದು ಮೆಲ್ಲಗೆ ಹೇಳಿ, ಬಾಗಿಲನ್ನು ಗೇಣಗಲ ತೆರೆದರು. ಅವರ ಭುಜದ ಮೇಲಿಂದ ನಾನೂ ಇಣುಕಿದೆ. ಎಡೆಯನ್ನು ನಾನು ಸರಿಯಾಗಿ ಕಂಡದ್ದು ಆಗಲೇ. ಎಲೆಗಳು ಎರಡಿದ್ದವು. ಒಂದರ ಪಕ್ಕ ಬ್ರಾಂದಿ, ಬೀಡಿ ಕಟ್ಟು. ಇನ್ನೊಂದರ ಪಕ್ಕ ಸಕ್ಕರೆಯಿಲ್ಲದ ಕಾಫಿ, ಅಂಚು ಬಿರಿದ ಎರಡು ಬಿಸ್ಕತ್ತು, ಮಡಿಸಿಟ್ಟ ಇಂಗ್ಲಿಷ್ ಪೇಪರು. ನನ್ನ ಯಜಮಾನರು ಬೆಳಗಾಗೆದ್ದು ಕೂರುತ್ತಿದ್ದ ರೀತಿ. ಹೋಟೆಲಿನ ಲಾಬಿಯಿಂದ ಆ ಪೇಪರನ್ನು ಅಕ್ಕ ಯಾವಾಗ ಎತ್ತಿಕೊಂಡು ಬಂದರೋ!

ಮ್ಯಾನೇಜರು ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದರು. ವಾಕಿಟಾಕಿಯಲ್ಲಿ ಏನೋ ಹೇಳಿದರು, ಗಂಟೆ ನಿಂತಿತು. “ನನ್ನ ತಾಯಿಯೂ ಇಡುತ್ತಾರೆ. ನಮ್ಮದು ಹೋದ ತಿಂಗಳು ಆಯಿತು” ಎಂದರು. ಆಮೇಲೆ ತುಸು ಅಳುಕಿನಿಂದ, “ಹೌ ಲಾಂಗ್ ಡು ದೇ ನೀಡ್?”

ನಾನು ಅಕ್ಕನನ್ನು ಕೇಳಿದೆ.

“ನಿಮ್ಮ ಬಾವ್ನೋರು ನಿಧಾನ. ನಿನ್ ಗಂಡ ಪೇಪರ್ ಮುಗಿಸ್ದೆ ಏಳಾಕಿಲ್ಲ. ಒಸಿ ನಿಂತ್ಕಳಕ್ಕೇಳು.”

ಮ್ಯಾನೇಜರು ನಿಂತರು. ಟೈ ಸರಿಮಾಡಿಕೊಂಡು, ಕೈ ಕಟ್ಟಿ, ನಮ್ಮ ಜೊತೆಗೇ ನಿಂತರು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅಕ್ಕ ಬಾಗಿಲಿಗೆ ಕಿವಿಗೊಟ್ಟಿದ್ದರು. ಸಾಕಷ್ಟು ಹೊತ್ತಾದ ಮೇಲೆ ಕೆಮ್ಮಿ, ಮೂರು ಸಲ ಬಡಿದು, ತೆಗೆಯುವಂತೆ ಸನ್ನೆ ಮಾಡಿದರು. ಎಲೆಗಳನ್ನು ಬಗ್ಗಿ ನೋಡಿ, “ಬಂದಿದ್ರು ಕಣಮ್ಮಣ್ಣಿ. ಇಬ್ರೂ ಬಂದಿದ್ರು. ದಾರಿ ಸಿಕ್ಬುಟ್ಟೈತೆ!” ಎಂದು ಹುಡುಗಿಯ ಹಾಗೆ ನಕ್ಕರು. ಆಮೇಲೆ ಮ್ಯಾನೇಜರನ್ನೂ ಗಾರ್ಡನ್ನೂ ಹಾಸಿಗೆಯ ಅಂಚಿಗೆ ಕೂರಿಸಿ ಊರಿಂದ ಕಟ್ಟಿ ತಂದಿದ್ದ ಕಜ್ಜಾಯ ಕೊಟ್ಟು, ಹೊಟ್ಟೆ ತುಂಬಿತೇ ಎಂದು ನನ್ನಿಂದ ಇಂಗ್ಲಿಷಿನಲ್ಲಿ ಕೇಳಿಸಿದರು.

ಹೋದ ಬೇಸಿಗೆಯಲ್ಲಿ ಅಕ್ಕ, ಹುಳಕ್ಕೆ ಸೊಪ್ಪು ಹಾಕಿ ಬಂದು ಜಗಲಿಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ಅವರಿಗೆ ಎಡೆ ಇಡಲು ನನ್ನನ್ನು ಬಿಟ್ಟರೆ ಯಾರೂ ಇಲ್ಲ. ನಾನೋ, ಅಷ್ಟು ವರ್ಷ ಹಬ್ಬದ ದಿನ ರಾಮನಗರದಿಂದ ಆ ಮನೆಗೆ ಮಧ್ಯಾಹ್ನದ ಹೊತ್ತಿಗೆ ಊಟಕ್ಕಷ್ಟೇ ಹಾಜರಾಗುತ್ತಿದ್ದವಳು, ಎಡೆಯ ಕೆಲಸ ಕಲಿತವಳಲ್ಲ. ಈ ಸಲ ರಾಮನಗರದ ನನ್ನ ಮನೆಯಲ್ಲಿ ಮೂರು ಎಲೆ ಹಾಕಿದೆ. ಮುದ್ದೆ ಗಂಟಾಯಿತು, ಅಕ್ಕ ಸುಧಾರಿಸಿಕೊಳ್ಳುತ್ತಾರೆ. ಬಾಗಿಲು ಮುಚ್ಚಿ ಹೊರಗೆ ನಿಂತಾಗ ಏನು ಹೇಳಿಕೊಳ್ಳಬೇಕೋ ತೋಚಲಿಲ್ಲ. ಕೊನೆಗೆ, ಬೋರ್ಡಿಂಗಿನಲ್ಲಿ ಊಟಕ್ಕೆ ಮುಂಚೆ ಸಿಸ್ಟರುಗಳು ಹೇಳಿಸುತ್ತಿದ್ದ ಗ್ರೇಸ್ ಪ್ರಾರ್ಥನೆಯನ್ನೇ ಕಣ್ಣುಮುಚ್ಚಿ ಇಂಗ್ಲಿಷಿನಲ್ಲಿ ಹೇಳಿದೆ. ನನಗೆ ಬಾಯಿಪಾಠ ಬರುವ ಊಟದ ಮಂತ್ರ ಅದೊಂದೇ.