ನೋವೆಷ್ಟೆಂದು ಮತ್ತೊಮ್ಮೆ ಕೇಳಿಸಿದ ಜೊಮ್ರೆ

ಬೆಳಗಿನ ಐದಕ್ಕೆ ಸಿಯೋಲ್‌ನ ಆ ದೊಡ್ಡಾಸ್ಪತ್ರೆಯ ಏಳನೇ ಮಹಡಿಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಗ್ವಾಕ್ ಜೊಮ್ರೆ. ರೋಗಿಯ ಮಂಚದಡಿಯಿಂದ ಎಳೆದುಕೊಳ್ಳುವ ಮೊಣಕಾಲೆತ್ತರದ ಹಲಗೆಯೇ ಅವರ ಹಾಸಿಗೆ. ಅದನ್ನು ಒಳಕ್ಕೆ ತಳ್ಳಿ, ಸೊಂಟ ಹಿಡಿದು ನೆಟ್ಟಗಾಗಿ, ಮೂತ್ರದ ಚೀಲದ ಅಳತೆ ಬರೆದಿಡುತ್ತಾರೆ. ಹೊಟ್ಟೆಯ ಕೊಳವೆಯಿಂದ ಇಳಿದ ನೀರನ್ನು ದೀಪದ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ. ಆಮೇಲೆ ರೋಗಿಯನ್ನು ತೂಕದ ಯಂತ್ರಕ್ಕೆ ಹತ್ತಿಸುತ್ತಾರೆ.

"ಗಟ್ಟಿಯಾಗಿ ಹಿಡ್ಕೊಳ್ಳಿ ಯಜಮಾನ್ರೇ. ನೀವು ಬಿದ್ರೆ ನಿಮ್ಮ ಹೊಸ ಲಿವರ್‌ಗೇನೂ ಆಗಲ್ಲ, ನನ್ನ ಹಳೇ ಸೊಂಟ ಹೋಗುತ್ತೆ."

ಜೊಮ್ರೆಗೆ ಅರವತ್ತೇಳು. ಓದಿದ್ದು ಎರಡನೇ ತರಗತಿ. ಗಂಡ ಗಣಿಯ ಧೂಳಿಗೆ ಶ್ವಾಸ ಕೆಟ್ಟು ತೀರಿಹೋದ ಮೇಲೆ ಹಿಡಿದ ಕೆಲಸ ಇದು, ಬಾಡಿಗೆಗೆ ರೋಗಿ ನೋಡಿಕೊಳ್ಳುವುದು. ವಾರಕ್ಕೆ ಆರು ದಿನ, ಹಗಲೂ ರಾತ್ರಿ ರೋಗಿಯ ಪಕ್ಕದಲ್ಲೇ. ಇಪ್ಪತ್ತೆರಡು ವರ್ಷವಾಯಿತು. ಲಿವರ್ ಕಸಿಯಾದವರೇ ಇನ್ನೂರಕ್ಕೂ ಹೆಚ್ಚು ಮಂದಿ ಅವರ ಆರೈಕೆಯಲ್ಲಿ ಚೇತರಿಸಿಕೊಂಡು ಮನೆಗೆ ಹೋಗಿದ್ದಾರೆ. ಬೆಳಿಗ್ಗೆ ಒಂಬತ್ತರ ಮಾತ್ರೆ ಒಂಬತ್ತಕ್ಕೇ, ರಾತ್ರಿ ಒಂಬತ್ತರದ್ದು ಒಂಬತ್ತಕ್ಕೇ. ಒಂದು ದಿನವೂ ತಪ್ಪಿಲ್ಲ.

ಆ ಮಹಡಿಯ ಮೊಗಸಾಲೆಯಲ್ಲೊಂದು ಫಲಕವಿದೆ. ಕಸಿಯಾದ ಮೂರು ತಿಂಗಳಲ್ಲಿ ಎಷ್ಟು ಮಂದಿ ಉಳಿದರು, ಎಷ್ಟು ದಿನಕ್ಕೆ ಮನೆಗೆ ಹೋದರು, ಎಲ್ಲ ಅಂದವಾಗಿ ಬರೆದಿದೆ. ಎಲ್ಲವೂ ಲಿವರ್ ಪಡೆದವರ ಲೆಕ್ಕ. ತಮ್ಮದರಲ್ಲಿ ಅರ್ಧಕ್ಕಿಂತ ಹೆಚ್ಚು ಕೊಯ್ದು ಕೊಟ್ಟವರ ಬಗ್ಗೆ ಒಂದು ಸಾಲೂ ಇಲ್ಲ. "ಅವರು ರೋಗಿಗಳಲ್ಲವಂತೆ. ಆರೋಗ್ಯವಂತರಂತೆ! ಎದೆಯಿಂದ ಹೊಟ್ಟೆವರೆಗೆ ಹೊಲಿಗೆ ಹಾಕಿಸ್ಕೊಂಡ ಆರೋಗ್ಯವಂತರು," ಎನ್ನುತ್ತಾರೆ ಜೊಮ್ರೆ ಸಿಟ್ಟಿನಿಂದ.

ಕಳೆದ ಏಪ್ರಿಲ್‌ನಲ್ಲಿ ಸೊಕ್ ಮನೆತನದ ಹಿರಿಯರೊಬ್ಬರಿಗೆ ಕಸಿಯಾಯಿತು. ಕೊಟ್ಟವಳು ಮಗಳು ಹೆಜು, ಇಪ್ಪತ್ತೊಂಬತ್ತರ ಹುಡುಗಿ. ಅಪ್ಪನಿಗೆ ಜೊಮ್ರೆಯನ್ನು ಗೊತ್ತುಮಾಡಿದ ಮನೆಯವರು ಮಗಳಿಗೆ ಯಾರನ್ನೂ ಇಡಲಿಲ್ಲ. ನಾಲ್ಕನೇ ದಿನ ಅವಳ ಹೊಟ್ಟೆಯ ಕೊಳವೆ ತೆಗೆದರು. ಆರನೇ ದಿನ ಊರಿನಿಂದ ಮನೆತನದ ಸಂಘದ ಹಿರಿಯರು ಐದು ಮಂದಿ ಕೋಟು ತೊಟ್ಟು ಬಂದರು. ಕೈಯಲ್ಲಿ 'ಪಿತೃಭಕ್ತೆ' ಎಂದು ಕೆತ್ತಿಸಿದ ಕಲ್ಲಿನ ಫಲಕ. ಊರ ಬಾಗಿಲಿಗೆ ಅವಳ ಹೆಸರು ಬರೆದ ಅಭಿನಂದನೆಯ ಬಟ್ಟೆ ಕಟ್ಟಿಯೂ ಆಗಿತ್ತು. ಹುಡುಗಿಯನ್ನು ಅಪ್ಪನ ಕೋಣೆಗೆ ಕರೆಸಿ, ಮಂಚದ ಪಕ್ಕ ನಿಲ್ಲಿಸಿ, ಬಲಗೈಗೆ ಆ ಫಲಕ ಕೊಟ್ಟು, ಪಟ ತೆಗೆದರು.

"ಸ್ವಲ್ಪ ನೆಟ್ಟಗೆ ನಿಲ್ಲಮ್ಮ. ನಗು, ನಗು."

ಹೆಜು ನಕ್ಕಳು. ಅವಳ ಮೇಲ್ದುಟಿಯ ಮೇಲೆ ಬೆವರು. ಎಡಗೈ ಬಲಭುಜವನ್ನು ಒತ್ತಿ ಹಿಡಿದಿತ್ತು. ಅಷ್ಟರಲ್ಲಿ ದಾದಿ ಬಂದು ಎಲ್ಲರೆದುರೇ ಕೇಳಿದಳು, "ನೋವು ಹತ್ತಕ್ಕೆ ಎಷ್ಟು?"

ಹುಡುಗಿ ಅಪ್ಪನ ಮುಖ ನೋಡಿದಳು. "ಎರಡು," ಎಂದಳು. ದಾದಿ ಎರಡು ಎಂದೇ ಬರೆದುಕೊಂಡಳು.

ಜೊಮ್ರೆಗೆ ಇನ್ನು ತಡೆಯಲಾಗಲಿಲ್ಲ. "ಪಟ ಸಾಕು ಯಜಮಾನ್ರೇ. ಕಲ್ಲಿನ ಫಲಕ ನೀವೇ ಹೊತ್ಕೊಳ್ಳಿ, ಹುಡುಗಿ ಕೈಯಲ್ಲಿ ಹೊರಿಸ್ಬೇಡಿ," ಎಂದು ಕಸಿದುಕೊಂಡು ಮೇಜಿನ ಮೇಲಿಟ್ಟರು. ಹೆಜುವಿನ ತೋಳು ಹಿಡಿದು ಹೊರಗೆ ಕರೆತಂದರು.

"ಅಜ್ಜಿ, ಅಪ್ಪಂಗೆ ಹೇಳ್ಬೇಡಿ. ಅವರಿಗೆ ಗೊತ್ತಾದ್ರೆ ಊಟ ಬಿಡ್ತಾರೆ."

"ಭುಜ ಯಾವಾಗಿಂದ ನೋಯ್ತಿದೆ?"

"ನಿನ್ನೆಯಿಂದ."

ಕೊಯ್ದದ್ದು ಹೊಟ್ಟೆ, ನೋಯುವುದು ಭುಜ. ಇಂಥದ್ದನ್ನು ಜೊಮ್ರೆ ಹಿಂದೆ ಎರಡು ಸಲ ಕಂಡಿದ್ದರು. ಒಬ್ಬಳು ಉಳಿದಳು, ಇನ್ನೊಬ್ಬ ಉಳಿಯಲಿಲ್ಲ. ಕೊಳವೆ ತೆಗೆದ ಜಾಗದ ಪಟ್ಟಿ ಸರಿಸಿದರೆ ಹಸಿರು ಮಿಶ್ರಿತ ಹಳದಿ ಕಲೆ. ಮೊಗಸಾಲೆಯಲ್ಲಿ ಸಿಕ್ಕ ಎಳೆಯ ವೈದ್ಯನಿಗೆ ಅದನ್ನು ಹೇಳಿದರು. ಅವನು ಕಂಪ್ಯೂಟರ್ ಪರದೆಯತ್ತಲೇ ನೋಡುತ್ತ, "ನೋವು ಎರಡು ಅಂತಿದೆ. ನೀವು ಡಾಕ್ಟ್ರಾ ಅಜ್ಜಿ?" ಎಂದ.

"ಅಲ್ಲಪ್ಪ. ಅದಕ್ಕೇ ನಾನು ಪರದೆ ನೋಡಲ್ಲ, ಪಟ್ಟಿ ನೋಡ್ತೀನಿ. ಅಪ್ಪ ಇಲ್ಲದ ಕಡೆ ಅವಳನ್ನ ಇನ್ನೊಂದ್ಸಲ ಕೇಳು. ಕೇಳೋವರೆಗೂ ನಾನು ಇಲ್ಲಿಂದ ಏಳಲ್ಲ."

ಮೊಗಸಾಲೆಯ ನಡುವೆಯೇ ಕೂತುಬಿಟ್ಟರು. ನಲವತ್ತು ನಿಮಿಷ. ಕೊನೆಗೆ ಹಿರಿಯ ದಾದಿ ಬಂದು ಹುಡುಗಿಯನ್ನು ಬೇರೆ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿ ಕೇಳಿದಳು. ಹೆಜು ಅತ್ತಳು. "ಎಂಟು," ಎಂದಳು.

ಒಳಗೆ ಪಿತ್ತರಸ ಸೋರಿ ಮಡುಗಟ್ಟಿತ್ತು. ಜ್ವರವೂ ಏರುತ್ತಿತ್ತು. ಅಂದೇ ಸೂಜಿಯಿಂದ ಹೊಸ ಕೊಳವೆ ಇಳಿಸಿದರು, ಅರ್ಧ ಬಾಟಲಿ ಬಂತು. ಇನ್ನೊಂದು ದಿನ ತಡವಾಗಿದ್ದರೆ ನಂಜು ರಕ್ತಕ್ಕೇರುತ್ತಿತ್ತು ಎಂದು ಅದೇ ಎಳೆಯ ವೈದ್ಯ ತಲೆ ತಗ್ಗಿಸಿ ಹೇಳಿದ. ಹೆಜು ಹತ್ತೊಂಬತ್ತನೇ ದಿನ ಮನೆಗೆ ಹೋದಳು, ಅಪ್ಪ ಇಪ್ಪತ್ತೆರಡನೇ ದಿನ. ಮೊಗಸಾಲೆಯ ಫಲಕಕ್ಕೆ ಅಪ್ಪ ಸೇರಿದರು.

ಜೊಮ್ರೆಗೆ ಸಿಕ್ಕಿದ್ದೇನು? ನಲವತ್ತು ನಿಮಿಷ ರೋಗಿಯನ್ನು ಬಿಟ್ಟಳೆಂದು, ಹಿರಿಯರೆದುರು ಬಾಯಿ ಮಾಡಿದಳೆಂದು, ಮಾರನೆಯ ದಿನವೇ ಆ ಮನೆಯ ಹಿರಿಮಗ ಅವರನ್ನು ಕೆಲಸದಿಂದ ಬಿಡಿಸಿದ. ಕೊಟ್ಟ ಮಗಳಿಗೆ ಜನ ಇಡಲಿಲ್ಲ. ಅವಳ ಜೀವ ಉಳಿಸಿದವಳನ್ನು ಹೊರಹಾಕಲು ಮಾತ್ರ ತಡವಾಗಲಿಲ್ಲ. ಇದಕ್ಕೆ ಏನೆನ್ನಬೇಕು?

"ಬಯ್ಯೋದಕ್ಕೆ ನನಗೆಲ್ಲಿ ಪುರಸೊತ್ತು?" ಎನ್ನುತ್ತಾರೆ ಜೊಮ್ರೆ, ಈಗಿನ ರೋಗಿಗೆ ಗಂಜಿ ಆರಿಸುತ್ತ. ಅವರ ಆಸೆ ದೊಡ್ಡದೇನಲ್ಲ. "ಕೊಟ್ಟವರನ್ನ ಒಬ್ಬರನ್ನೇ ಕೂರಿಸಿ ಕೇಳ್ಬೇಕು. ಬಾಗ್ಲು ಹಾಕ್ಬೇಕು. ಅಷ್ಟೇ."

ಅಷ್ಟರಲ್ಲಿ ಫೋನು ಬರುತ್ತದೆ. ಕೆಲಸ ಕೊಡಿಸುವ ಕಚೇರಿಯವರದು. ಶುಕ್ರವಾರ ಹೊಸ ರೋಗಿ, ಲಿವರ್ ಕಸಿ, ಅರವತ್ತರ ಹೆಂಗಸು.

"ಕೊಡೋರು ಯಾರು?" ಜೊಮ್ರೆ ಕೇಳುತ್ತಾರೆ.

ಅತ್ತ ಕಡೆಯವಳು ಏನೋ ಗೊಣಗುತ್ತಾಳೆ. ಅದು ನಮ್ಮ ಕೆಲಸವಲ್ಲ ಎಂದಿರಬೇಕು.

"ಇರ್ಲಿ ಕಣಮ್ಮ. ಲಿವರ್ ಕೊಡೋ ಆ ಮಗೂದು ಯಾವ ಕೋಣೆ ಹೇಳು. ಮೊದಲು ಅಲ್ಲಿಗೆ ಹೋಗಿ ಆಮೇಲೆ ನಿನ್ನ ರೋಗಿ ಹತ್ರ ಬರ್ತೀನಿ."